ಗುಣವಾದ ಇಲಿ

ಅರಂತೋಡಿನಲ್ಲಿ ಚಾ ಹೋಟೆಲ್ ನಡೆಸುವ ಕಮಲಾವತಿಗೆ ಯಾರ್ಯಾರ ಮೇಲೆ ಹೊಟ್ಟೆಕಿಚ್ಚು ಬಂದಿತ್ತೋ ಲೆಕ್ಕವಿಲ್ಲ. ಗಂಡನ ಬೈಕಿನ ಹಿಂದೆ ಕೂತು ಸುಳ್ಯಕ್ಕೆ ಹೋಗುವ ಹೆಂಗಸರನ್ನು ಕಂಡರೆ ಚಾಕ್ಕೆ ಸಕ್ಕರೆ ಹಾಕುವುದೇ ಮರೆಯುತ್ತಿತ್ತು. ಆದರೆ ಒಂದು ಇಲಿಯ ಮೇಲೆ ಹೊಟ್ಟೆಕಿಚ್ಚು ಪಡುವ ದಿನವೂ ಬಂತಲ್ಲ, ಅದಕ್ಕೆ ಏನನ್ನೋಣ?

ಸುದ್ದಿ ತಂದವಳು ನಾದಿನಿಯ ಮಗಳು ಯಶಸ್ವಿ, ಮಂಗಳೂರಿನ ಲ್ಯಾಬೊಂದರಲ್ಲಿ ಸಂಶೋಧನೆ ಮಾಡುವವಳು. ಕಮಲಾವತಿಯ ಗಂಡ ಅಚ್ಚುತ ಮೆದುಳಿನ ಕ್ಯಾನ್ಸರಿನಿಂದ ತೀರಿಕೊಂಡು ಎರಡು ವರ್ಷ. ಆಪರೇಷನ್ನಿನಲ್ಲಿ ತೆಗೆದ ಗಡ್ಡೆಯ ಚೂರನ್ನು ಸಂಶೋಧನೆಗೆ ಕೊಡಲು ಆಗ ಸಹಿ ಹಾಕಿದವಳು ಇವಳೇ. ಆ ಚೂರಿನ ಜೀವಕೋಶಗಳನ್ನು ಬೆಳೆಸಿ ಇಲಿಗಳ ಮೆದುಳಿಗೆ ಹಾಕಿದ್ದರಂತೆ. ಆಮೇಲೆ ಪುಟ್ಟದೊಂದು ಆರ್‌ಎನ್‌ಎಯನ್ನು ಕೊಬ್ಬಿನ ಸಣ್ಣ ಗುಳ್ಳೆಗಳಲ್ಲಿ ತುಂಬಿ ಕೊಟ್ಟರಂತೆ. ಅದು ನಮ್ಮ ಮೈಯಲ್ಲೇ ಇರುವಂಥದ್ದು, ಜೀನುಗಳು ಮಿತಿಮೀರದ ಹಾಗೆ ಹಿಡಿತದಲ್ಲಿಡುವಂಥದ್ದು. ಅಚ್ಚುತನ ಗಡ್ಡೆಯಲ್ಲಿ ಅದು ತೀರಾ ಕಡಿಮೆಯಾಗಿತ್ತಂತೆ. ಕೊಟ್ಟ ಮೇಲೆ ಗಡ್ಡೆಗಳು ಕುಗ್ಗಿದವು. ಒಂದು ಇಲಿಯಂತೂ ಪೂರ್ತಿ ಗುಣ.

ಕಮಲಾವತಿಯ ಮೈಯೆಲ್ಲ ಉರಿಯಿತು. ಅದೇ ಗಡ್ಡೆ. ಇವಳ ಗಂಡ ಕೊನೆಗೆ ಇವಳ ಹೆಸರನ್ನೇ ಮರೆತಿದ್ದ. ಅಲ್ಲಿ ಇಲಿ ಕಾಳು ತಿಂದುಕೊಂಡು ಓಡಾಡುತ್ತಿರಬೇಕು. ಇಲ್ಲಿ ಇವಳು ಮಳೆಗಾಲದ ಆಟಿ ತಿಂಗಳಲ್ಲಿ, ಸತ್ತ ಹಿರಿಯರಿಗೆ ಬಡಿಸುವ ಸಾಲಿನಲ್ಲಿ, ಗಂಡನಿಗೂ ಎಲೆ ಹಾಕಿ ಬಡಿಸಿದ್ದಳು.

“ಆ ಇಲಿ ಈಗ ಎಂತ ಮಾಡ್ತಾ ಉಂಟು?” ಎಂದು ಕೇಳಿದಳು.

ಮೆದುಳು ಪರೀಕ್ಷಿಸಲು ಅದನ್ನು ಕೊಲ್ಲಬೇಕಾಯಿತು ಎಂದು ಯಶಸ್ವಿ ತಲೆ ತಗ್ಗಿಸಿದಳು. ಕಮಲಾವತಿಯ ಹೊಟ್ಟೆ ತಣ್ಣಗಾಯಿತು. ಹಾಗೆ ತಣ್ಣಗಾದದ್ದಕ್ಕೆ ನಾಚಿಕೆಯೂ ಆಯಿತು, ಆದರೆ ಸ್ವಲ್ಪವೇ.

ಯಶಸ್ವಿ ಬಂದದ್ದು ಇನ್ನೊಂದು ಸಹಿಗೆ. ಹಳೆಯ ಒಪ್ಪಿಗೆ ಇಲಿಗಳವರೆಗೆ ಮಾತ್ರ. ಉಳಿದ ಚೂರಿನಿಂದ ಮನುಷ್ಯರ ಮದ್ದಿನ ಕೆಲಸ ಮುಂದುವರಿಯಬೇಕಾದರೆ ಮನೆಯವರು ಒಪ್ಪಬೇಕು, ಇಲ್ಲದಿದ್ದರೆ ಅದನ್ನು ಸುಟ್ಟುಬಿಡುತ್ತಾರೆ. ಎಲ್ಲ ಸರಿಹೋದರೆ ಕೆಲವು ವರ್ಷಗಳಲ್ಲಿ ರೋಗಿಗಳಿಗೇ ಕೊಟ್ಟು ನೋಡಬಹುದು ಎಂದಳು.

ರೋಗಿ ಅಂದರೆ ಯಾರದೋ ಗಂಡ. ಅವನನ್ನು ಆಸ್ಪತ್ರೆಯಿಂದ ನಡೆಸಿಕೊಂಡೇ ಮನೆಗೆ ಕರೆತರುವ ಹೆಂಗಸೊಬ್ಬಳು ಕಣ್ಣಿಗೆ ಕಟ್ಟಿದಳು. ಇಲಿಯ ಮೇಲಿದ್ದ ಕಿಚ್ಚೆಲ್ಲ ಆ ಗುರುತಿಲ್ಲದವಳ ಮೇಲೆ ಹೋಗಿ ಬಿತ್ತು. ನನಗಿಲ್ಲದ್ದು ಅವಳಿಗೇಕೆ? ಸುಡಲಿ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಆದರೆ ಅಚ್ಚುತನನ್ನು ಒಮ್ಮೆ ಚಿತೆಯಲ್ಲಿ ಸುಟ್ಟಾಗಿತ್ತು. ಇನ್ನೊಮ್ಮೆ ಸುಡಲು ಅವಳಿಂದಾಗದು.

ಪೆನ್ನು ತೆಗೆದುಕೊಂಡು ಸಹಿ ಹಾಕಿದಳು. ಕಾಗದವನ್ನು ತಕ್ಷಣ ಕೊಡದೆ ಕೈಯಲ್ಲೇ ಹಿಡಿದುಕೊಂಡಳು.

“ಈ ಮದ್ದಿನಲ್ಲಿ ಮೊದಲು ಯಾರ ಗಂಡ ಬದುಕ್ತಾನೋ, ಆ ಹೆಂಗಸು ಯಾರು ಅಂತ ನನಗೆ ಹೇಳ್ಲಿಕ್ಕೆ ಮಾತ್ರ ಬರ್ಬೇಡ ಮಾರಾಯ್ತಿ.”