ಮೂರನೆಯ ಬೆಂಚಿನ ದನಿ

“ಇದನ್ನ ಎಲ್ಲಿ ಕೂರಿಸಲಿ?”

ತರಗತಿಗೆ ಇನ್ನೂ ಯಾರೂ ಬಂದಿರಲಿಲ್ಲ. ಪದ್ಯಪಾಠದ ಟೀಚರು ಟ್ಯಾಬ್ಲೆಟ್ಟನ್ನು ಎದೆಗವಚಿಕೊಂಡು ಖಾಲಿ ಬೆಂಚುಗಳನ್ನೇ ಕೇಳಿದರು.

ಅದರೊಳಗೆ ವಿಡಿಯೋ ಕರೆಯಲ್ಲಿ ಬರಬೇಕಾದವಳು ಮಾತಿನಮಲ್ಲಿ. ಆ ಹೆಸರಿಟ್ಟವರು ಜೊತೆಯ ಮಕ್ಕಳೇ. ಪಾಠದ ನಡುವೆ ಬಾಯಿ ಹಾಕದಿದ್ದರೆ ಅವಳಿಗೆ ತಿಂದದ್ದು ಅರಗುತ್ತಿರಲಿಲ್ಲ. ಮೆಟ್ಟಿಲಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡು, ಸೊಂಟದವರೆಗೆ ಪ್ಲಾಸ್ಟರು ಹಾಕಿಸಿಕೊಂಡು ಈಗ ಮನೆಯಲ್ಲಿ ಮಲಗಿದ್ದಾಳೆ. ಪಾಠ ತಪ್ಪಬಾರದೆಂದು ಶಾಲೆಯವರು ಇಷ್ಟು ದಿನ ಟ್ಯಾಬ್ಲೆಟ್ಟನ್ನು ಬೋರ್ಡಿನೆದುರಿಗೇ ಸ್ಟ್ಯಾಂಡಿಗೆ ಸಿಕ್ಕಿಸಿದ್ದರು. ಅಕ್ಷರಗಳು ಅವಳಿಗೆ ಮುತ್ತು ಪೋಣಿಸಿದ ಹಾಗೆ ಕಾಣುತ್ತಿದ್ದವು. ಹುಡುಗಿ ಮಾತ್ರ ತುಟಿ ಬಿಚ್ಚಲಿಲ್ಲ. ನಿನ್ನೆ ಸಂಜೆ ಅವಳಮ್ಮ ಫೋನಿನಲ್ಲಿ ಅತ್ತಿದ್ದರು: ಇನ್ನು ಅದನ್ನು ಆನ್ ಮಾಡುವುದೇ ಬೇಡ ಅನ್ನುತ್ತಾಳೆ, ಊಟ ಸೇರುತ್ತಿಲ್ಲ, ಗೋಡೆಯ ಕಡೆ ಮುಖ ತಿರುಗಿಸಿಬಿಡುತ್ತಾಳೆ. ಇನ್ನೊಂದೇ ಒಂದು ದಿನ ನೋಡೋಣ ಎಂದು ಟೀಚರು ಬೇಡಿಕೊಂಡಿದ್ದರು. ಏನು ಮಾಡಬೇಕೆಂದು ಅವರಿಗೂ ಹೊಳೆದಿರಲಿಲ್ಲ. ದೇವರ ಮುಂದೆ ಕೂತು ಕೈಮುಗಿದದ್ದಷ್ಟೇ.

ಮೊದಲು ಬಂದವಳು ಮಲ್ಲಿಯ ಪಕ್ಕ ಕೂರುತ್ತಿದ್ದ ಉದ್ದಜಡೆಯ ಗೆಳತಿ. ಟೀಚರ ಕೈಯಿಂದ ಟ್ಯಾಬ್ಲೆಟ್ ಇಸಿದುಕೊಂಡವಳೇ ಮೂರನೆಯ ಬೆಂಚಿಗೆ ಹೋಗಿ, ತಾನು ಸರಿದು ಜಾಗ ಬಿಟ್ಟು, ತನ್ನ ಚೀಲಕ್ಕೆ ಒರಗಿಸಿ ಕೂರಿಸಿದಳು.

“ಅಲ್ಲಿಂದ ಅರ್ಧ ಬೋರ್ಡೂ ಕಾಣಲ್ಲ ಕಣೇ.”

“ಯಾವತ್ತು ಕಂಡಿತ್ತು ಮಿಸ್? ಮುಂದೆ ದಪ್ಪತಲೆ ಕೂರ್ತಾನಲ್ಲ.”

ಮಕ್ಕಳೆಲ್ಲ ಬಂದು ಕೂತ ಮೇಲೆ ಪರದೆ ಬೆಳಗಿತು. ಮಲ್ಲಿಗೆ ಕಂಡದ್ದು ದಪ್ಪತಲೆಯ ಬೆನ್ನು, ಕಿಟಕಿಯ ಒಂದು ಚೂರು, ಡೆಸ್ಕಿನ ಮೇಲೆ ತಾನೇ ಕೈವಾರದಿಂದ ಕೆತ್ತಿದ ಬೆಕ್ಕು. ಅವಳು ಸಣ್ಣ ದನಿಯಲ್ಲಿ, “ಏ ದಪ್ಪತಲೆ, ಸ್ವಲ್ಪ ಸರಿಯೋ,” ಎಂದಳು. ಇಡೀ ತರಗತಿ ನಕ್ಕಿತು, ಅವಳೂ ನಕ್ಕಳು.

ಆ ನಗು ಪದ್ಯ ಶುರುವಾಗುವವರೆಗೆ ಮಾತ್ರ ಉಳಿಯಿತು. ಎಲ್ಲರೂ ಒಟ್ಟಿಗೆ ಹೇಳುವಾಗ ಅವಳ ದನಿ ಟ್ಯಾಬ್ಲೆಟ್ಟಿನೊಳಗಿಂದ ಒಂದು ಗಳಿಗೆ ತಡವಾಗಿ ಬಂತು. ಸಾಲು ಮುಗಿದ ಮೇಲೆ, ಒಂಟಿಯಾಗಿ. ಯಾರೋ ಕಿಸಕ್ಕೆಂದರು. ಮಲ್ಲಿ ಬಾಯಿ ಮುಚ್ಚಿಕೊಂಡಳು. ಗೋಡೆ ಮತ್ತೆ ಅವಳನ್ನು ಕರೆಯುತ್ತಿದೆ ಎಂದು ಟೀಚರಿಗೆ ಅನ್ನಿಸಿತು.

ಆಗ ಅವರಿಗೆ ನೆನಪಾದದ್ದು ತಾತ. ಬೆಳಗಾಗುತ್ತಲೇ ತಾತ ಪದ್ಯ ಓದುತ್ತಿದ್ದರೆ ಅಜ್ಜಿ ಒಳಗೆ ಕೆಲಸ ಮಾಡುತ್ತಲೇ ದನಿಗೂಡಿಸುವರು, ಪದೇಪದೇ ಹಿಂದೆ ಬೀಳುವರು. ತಾತ ಬೈದವರಲ್ಲ. ಸಾಲಿನ ಕೊನೆಯ ಸ್ವರವನ್ನು ಹಿಡಿದು, ಅಜ್ಜಿ ಬಂದು ಸೇರುವವರೆಗೂ ಎಳೆಯುತ್ತಿದ್ದರು. ತೊಡೆಯ ಮೇಲೆ ಕೂತು ಕೇಳುತ್ತಿದ್ದ ಮೊಮ್ಮಗಳಿಗೆ ಪದ್ಯದಲ್ಲಿ ಎಲ್ಲಕ್ಕಿಂತ ಇಷ್ಟವಾಗುತ್ತಿದ್ದದ್ದು ಆ ಕಾಯುವಿಕೆಯೇ.

“ಕೊನೇ ಅಕ್ಷರ ಬಿಡಬೇಡಿ ಮಕ್ಕಳೇ,” ಎಂದರು ಟೀಚರು. “ಅವಳು ಬರೋವರೆಗೂ ಹಿಡ್ಕೊಂಡಿರಿ.”

ಹಿಡಿದರು. ದಪ್ಪತಲೆಗೆ ಉಸಿರು ಸಾಲದೆ ಮುಖ ಕೆಂಪಾಯಿತು. ಮಲ್ಲಿಯ ದನಿ ತಡವರಿಸುತ್ತ ಬಂದು, ಆ ನೀಳವಾದ ಸ್ವರದೊಳಗೆ ಗೂಡು ಸೇರುವ ಹಕ್ಕಿಯಂತೆ ಸೇರಿಕೊಂಡಿತು. ಮುಂದಿನ ಸಾಲಿಗೆ ಅವಳೇ ಮೊದಲು ಬಾಯಿ ತೆರೆದಳು.

ಆಮೇಲಾಮೇಲೆ ಅವಳಮ್ಮನ ದೂರು ಬೇರೆಯಾಯಿತು: ಮನೆಯಲ್ಲಿ ದಿನವಿಡೀ ಪದ್ಯ, ತುತ್ತು ಬಾಯಲ್ಲಿದ್ದಾಗಲೂ ಪದ್ಯ.

ಮಕ್ಕಳ ಪದ್ಯವನ್ನು ರೆಕಾರ್ಡ್ ಮಾಡಿ ಪೋಷಕರ ಸಭೆಯಲ್ಲಿ ಕೇಳಿಸಲೆಂದು ಹೆಡ್ ಮಾಸ್ತರು ಒಂದು ದಿನ ಮೈಕು ಹಿಡಿದು ಬಂದರು. ಒಳ್ಳೆಯ ಮನುಷ್ಯರು, ಮೊದಲ ಪದ್ಯ ಮುಗಿಯುವವರೆಗೂ ತಲೆದೂಗಿದರು. ಆಮೇಲೆ ಟೀಚರನ್ನು ಬಾಗಿಲ ಬಳಿ ಕರೆದು, ಸಾಲುಸಾಲಿಗೂ ಹೀಗೆ ಜಗ್ಗಿದರೆ ಕೇಳುವವರಿಗೆ ನಿದ್ದೆ ಬಂದೀತು ಎಂದು ನಕ್ಕರು.

“ಒಂದೇ ಒಂದು ಸಲ ಮೇಡಂ. ಆ ಟ್ಯಾಬ್ಲೆಟ್ಟಿನ ದನಿ ನಿಲ್ಲಿಸಿಬಿಡಿ, ಮಕ್ಕಳು ನೆಟ್ಟಗೆ ಹೇಳಲಿ. ಆ ಹುಡುಗಿಗೆ ಗೊತ್ತೂ ಆಗಲ್ಲ.”

ಟೀಚರು ಯಾರ ಮಾತನ್ನೂ ತೆಗೆದುಹಾಕಿದವರಲ್ಲ. ತಿರುಗಿ ನೋಡಿದರು. ಮೂರನೆಯ ಬೆಂಚಿನಲ್ಲಿ ಉದ್ದಜಡೆಯವಳು ಪರದೆಯ ಧೂಳನ್ನು ತೋಳಿನಿಂದ ಒರೆಸುತ್ತಿದ್ದಳು. ಒಳಗಿನವಳು ಏನೋ ಹೇಳಿ ಅವಳನ್ನು ನಗಿಸುತ್ತಿದ್ದಳು.

“ಇಲ್ಲ ಸರ್,” ಎಂದರು ಟೀಚರು. “ನಿಲ್ಲಿಸಲ್ಲ.”