ಹತ್ತನೇ ಉತ್ತರ

"ಏ ಬಾಯಿ, ಬುಟ್ಟಿ ಹೊರಗಿಡು. ಒಳಗೆ ಕೂತ್ಕಣೂದು ಶಾಸಕರು, ಬಂಗಡೆ ಅಲ್ಲ."

ಶಾಸಕರ ಆಪ್ತ ಸಹಾಯಕ ಪುಂಡಲೀಕ ಮೂಗಿಗೆ ಕರವಸ್ತ್ರ ಹಿಡಿದು ಶಾಲೆಯ ಬಾಗಿಲಲ್ಲಿ ನಿಂತಿದ್ದ. ಮಾದೇವಿ ತಲೆಯ ಮೇಲಿನ ಬುಟ್ಟಿ ಇಳಿಸಿ ಹೊಸ್ತಿಲಿನಾಚೆ ಇಟ್ಟಳು. ಬೆಳಿಗ್ಗೆ ಬೈತಖೋಲ ಬಂದರಿನ ಹರಾಜಿನಲ್ಲಿ ಕೊಂಡ ಬಂಗಡೆ, ಮೇಲೆ ಎರಡು ಬೊಗಸೆ ಐಸು.

"ಮೊನ್ನೆ ನಿನ್ನ ಹೆಂಡ್ತಿ ನನ್ನ ಹತ್ರ ಇಸ್ವಾಣ ಮೀನು ಒಯ್ದ್ಲಲಾ, ಅದ್ನ ತಿನ್ನೂವಾಗ ಈ ಮೂಗು ಎಲ್ಲಿಟ್ಟಿದ್ಯೋ?"

"ಬಾಯಿ ಮುಚ್ಕಂಡು ನೆಲಕ್ಕೆ ಕುಂತ್ಕ. ಕುರ್ಚಿ ಮುಟ್ಬೇಡಿ, ಬಾಡಿಗೀದು. ನಾತ ಹಿಡಿದ್ರೆ ಅಂಗಡಿಯವ ವಾಪಸ್ ತಕಳೂದಿಲ್ಲ."

ಮಾದೇವಿಯೂ ಸೇರಿ ಕೇರಿಯ ಹತ್ತು ಹೆಂಗಸರು ನೆಲಕ್ಕೆ ಕೂತರು. ಕುರ್ಚಿಗಳಲ್ಲಿ ಪೇಟೆಯಿಂದ ಬಂದವರು ಕೂತರು.

ಕೇರಿಯ ಈ ಕಿರಿಯ ಪ್ರಾಥಮಿಕ ಶಾಲೆಗೆ ಜೂನ್‌ನಿಂದ ಬೀಗ ಬಿದ್ದಿತ್ತು. ಮಕ್ಕಳು ಹನ್ನೊಂದೇ ಎಂಬುದು ಕಾರಣ. ಅವರನ್ನು ಸೇರಿಸಿದ ಶಾಲೆ ನಾಲ್ಕು ಕಿಲೋಮೀಟರ್ ದೂರ, ಚತುಷ್ಪಥ ಹೆದ್ದಾರಿಯ ಆಚೆ. ಹನ್ನೊಂದರಲ್ಲಿ ಮೂವರು ಹೋಗುತ್ತಿದ್ದರು. ಮಾದೇವಿಯ ಮೊಮ್ಮಗಳು, ಮೂರನೇ ತರಗತಿಯ ಪೂರ್ಣಿಮಾ, ಅಜ್ಜಿಯ ಜೊತೆ ಮೀನುಪೇಟೆಯಲ್ಲಿ ಕೂತು ನೊಣ ಓಡಿಸುತ್ತಿದ್ದಳು. ಇವತ್ತು ಬೀಗ ತೆಗೆದದ್ದು ಎರಡು ಗಂಟೆಯ ಮಟ್ಟಿಗೆ, 'ಜನರ ಪ್ರಶ್ನೆ, ಶಾಸಕರ ಉತ್ತರ' ಕಾರ್ಯಕ್ರಮಕ್ಕೆ. ಪುಂಡಲೀಕ ಬೀಗವನ್ನು ಕೀಲಿ ಸಮೇತ ಬಾಗಿಲ ಪಕ್ಕದ ಕಿಟಕಿಯಲ್ಲಿ ಇಟ್ಟಿದ್ದ.

ಪ್ರಶ್ನೆಗಳನ್ನು ಬರೆದವನೂ ಪುಂಡಲೀಕನೇ. ಎರಡು ದಿನದ ಹಿಂದೆ ಹತ್ತು ಹೆಂಗಸರಿಗೆ ಹತ್ತು ಚೀಟಿ ಕೊಟ್ಟು, ಬಾಯಿಪಾಠ ಮಾಡಿಕೊಳ್ಳಿ ಎಂದು ಹೇಳಿ ಹೋಗಿದ್ದ. ಯಾವ ಹೆಸರಿಗೆ ಯಾವ ಪ್ರಶ್ನೆ ಎಂಬ ಪಟ್ಟಿ ಅವನ ಬಳಿ ಇತ್ತು. ಅದೇ ಕ್ರಮದಲ್ಲಿ ಉತ್ತರಗಳು ಶಾಸಕರ ಕೈಯಲ್ಲಿದ್ದವು.

ಹತ್ತು ಮಂದಿಯಲ್ಲಿ ಬೀರಿಗೆ ಆರು ಸಾಲಿನ ಪ್ರಶ್ನೆ ಬಂದಿತ್ತು, ಮಾದೇವಿಗೆ ಒಂದೇ ಸಾಲು. ಬೀರಿ ಜಗಳ ತೆಗೆದಳು. ಕೇರಿಯಲ್ಲಿ ಇಂಥ ಜಗಳಕ್ಕೆ ಒಂದೇ ಪದ್ಧತಿ. ಬಲೆಯ ಮೀನನ್ನು ಸಮ ರಾಶಿ ಮಾಡಿ, ಪ್ರತಿಯೊಬ್ಬರಿಂದ ಒಂದು ಗುರುತು ಪಡೆಯುತ್ತಾರೆ: ಚಿಪ್ಪು, ಎಲೆ, ಕಡ್ಡಿ. ಯಾವುದು ಯಾರದೆಂದು ಗೊತ್ತಿಲ್ಲದವರೊಬ್ಬರು ಅವನ್ನು ಒಂದೊಂದು ರಾಶಿಯ ಮೇಲೆ ಹಾಕುತ್ತಾರೆ. ಬಿದ್ದದ್ದೇ ಪಾಲು, ಆಮೇಲೆ ತಕರಾರಿಲ್ಲ. ಚೀಟಿಗಳನ್ನೂ ಹೀಗೇ ಹಂಚಿಕೊಂಡರು. ಪೂರ್ಣಿಮಾ ಅಕ್ಷರಕ್ಕೊಮ್ಮೆ ಬೆರಳಿಟ್ಟು ಹತ್ತನ್ನೂ ಓದಿ ಹೇಳಿದಳು. ಹೆಂಗಸರು ಮೀನು ಹೆಚ್ಚುತ್ತ ಬಾಯಿಪಾಠ ಮಾಡಿದರು.

ಪುಂಡಲೀಕನಿಗೆ ಇದು ತಿಳಿದಿರಲಿಲ್ಲ. ಅವನು ಮೊಬೈಲನ್ನು ಕೋಲಿಗೆ ಸಿಕ್ಕಿಸಿ ಫೇಸ್‌ಬುಕ್ಕಿನಲ್ಲಿ ನೇರ ಪ್ರಸಾರ ಶುರು ಮಾಡಿದ. "ಒಂದನೇ ಪ್ರಶ್ನೆ, ಬೀರಿ."

ಬೀರಿ ಎದ್ದು ಸೆರಗು ಬಿಗಿದಳು. "ಇಂಗ್ಲಿಷ್ ಮಾಧ್ಯಮದ ಮಕ್ಕಳ ವಿಷಯದಲ್ಲಿ ಸರ್ಕಾರದ ನೀತಿ ಏನು?"

ಶಾಸಕರು ಕಾಗದದಿಂದ ತಲೆ ಎತ್ತಲಿಲ್ಲ. "ಬಹಳ ಒಳ್ಳೆಯ ಪ್ರಶ್ನೆ. ಮೈನಸ್ ಹದಿನೆಂಟು ಡಿಗ್ರಿಯಲ್ಲಿ ಇಟ್ಟರೆ ಆರು ತಿಂಗಳಾದರೂ ಕೆಡುವುದಿಲ್ಲ. ಗೋವಾಕ್ಕೆ ಕಳಿಸುವುದೂ ಸುಲಭ."

"ಮಕ್ಕಳ್ನಾ?" ಎಂದಳು ದೇವಿ.

ಪುಂಡಲೀಕ ಗಂಟಲು ಸರಿಮಾಡಿಕೊಂಡ. ಎರಡನೆಯದು ದೇವಿಯದೇ. "ಬೆಲೆ ಏರಿಕೆ ತಡೆಯಲು ಏನು ಕ್ರಮ ಕೈಗೊಂಡಿದ್ದೀರಿ?"

"ವಾರಕ್ಕೆ ಆರು ದಿನ ಮೊಟ್ಟೆ ಕೊಡುತ್ತಿದ್ದೇವೆ. ತಿನ್ನದವರಿಗೆ ಬಾಳೆಹಣ್ಣು."

ನೆಲದ ಮೇಲೆ ಕೂತವರು ಸೆರಗನ್ನು ಬಾಯಿಗೆ ತುರುಕಿಕೊಂಡರು. ಭಾರತಿ ಎದ್ದಾಗ ಅವಳ ಕಣ್ಣಲ್ಲಿ ನೀರು ಬಂದಿತ್ತು. "ಖಾಲಿ ಇರುವ ಶಿಕ್ಷಕರ ಹುದ್ದೆಗಳನ್ನು ತುಂಬುವುದು ಯಾವಾಗ?"

"ಜೂನ್, ಜುಲೈ ಎರಡು ತಿಂಗಳು ಕಡ್ಡಾಯ ನಿಷೇಧ," ಶಾಸಕರು ಗಂಭೀರವಾಗಿ ಓದಿದರು. "ಅದು ಮೊಟ್ಟೆ ಇಡುವ ಕಾಲ. ಆ ಸಮಯದಲ್ಲಿ ಮುಟ್ಟದೆ ಬಿಟ್ಟರೆ ತಾವಾಗಿಯೇ ಹೆಚ್ಚುತ್ತವೆ."

ಬೀರಿ ನೆಲ ಬಡಿದು ನಕ್ಕಳು. ಕುರ್ಚಿಯವರೂ ತಡೆಯಲಾರದೆ ನಕ್ಕರು. ಶಾಸಕರು ಮೊದಲ ಬಾರಿ ತಲೆ ಎತ್ತಿ, ಜನ ಸಂತೋಷದಲ್ಲಿರುವುದನ್ನು ಕಂಡು ಕೈ ಬೀಸಿದರು. ಮೊಬೈಲಿನ ಪರದೆಯಲ್ಲಿ ಹೃದಯದ ಚಿಹ್ನೆಗಳು ಗುಂಪುಗುಂಪಾಗಿ ಹಾರಿದವು.

ಪುಂಡಲೀಕ ಬಗ್ಗಿ ಹಲ್ಲು ಕಚ್ಚಿದ. "ಹಲ್ಕಟ್ ರಂಡೇರಾ, ಚೀಟಿ ಎಂತ ಮಾಡಿದ್ರಿ?"

"ಪಾಲು ಹಾಕಿದ್ವು," ಎಂದಳು ಬೀರಿ. "ನಿನ್ನ ಹಾಂಗೆ ಮೋಸ ಮಾಡೂದಿಲ್ಲ ನಾವು."

ಅವನು ಮೊಬೈಲಿಗೆ ಕೈ ಹಾಕಿದ. "ಎಷ್ಟು ಜನ ನೋಡ್ತಿದ್ದಾರೆ?" ಎಂದರು ಶಾಸಕರು.

"ಎರಡು ಸಾವಿರ, ಸರ್."

"ಹಾಗಾದರೆ ನಡೆಯಲಿ."

ನಡೆಯಿತು. ಆರನೇ ಉತ್ತರದಲ್ಲಿ ಪದವೀಧರ ನಿರುದ್ಯೋಗಿಗಳಿಗೆ ಸಬ್ಸಿಡಿ ಡೀಸೆಲ್ ಸಿಕ್ಕಿತು. ಎಂಟನೆಯದರಲ್ಲಿ ಕುಸಿದ ಮೀನಿನ ಧಾರಣೆಗೆ ಸಮವಸ್ತ್ರ ಮತ್ತು ಎರಡು ಜೊತೆ ಕಾಲುಚೀಲ ಮಂಜೂರಾಯಿತು.

ಮಾದೇವಿ ಮಾತ್ರ ಆಗಲೇ ನಗು ನಿಲ್ಲಿಸಿದ್ದಳು. ಈ ಮನುಷ್ಯ ಕಿವಿಯಿಂದ ಅಲ್ಲ, ಕಾಗದದಿಂದ ಉತ್ತರ ಕೊಡುತ್ತಿದ್ದಾನೆ. ಹೆಂಗಸರು ಚೀಟಿ ಬದಲಿಸಿದ್ದರು, ಕಾಗದ ಬದಲಾಗಿರಲಿಲ್ಲ. ಪಟ್ಟಿಯಲ್ಲಿ ಅವಳ ಹೆಸರು ಹತ್ತನೆಯದು. ಪಾಲು ಹಾಕುವ ಮೊದಲು ಅವಳ ಚೀಟಿಯಲ್ಲಿದ್ದ ಒಂದು ಸಾಲು ಅವಳಿಗೆ ನೆನಪಿತ್ತು: ರಸ್ತೆ ತಿರುವಿನಲ್ಲಿ ಕಟ್ಟಿ ಮುಗಿಸಿದ ಮೀನು ಮಾರುಕಟ್ಟೆಯ ಬಾಗಿಲು ಯಾವಾಗ ತೆರೆಯುತ್ತದೆ? ಕೇರಿಯವರೆದುರು ಅದಕ್ಕೆ ಶಾಸಕರು ಎಂಥ ಉತ್ತರ ತಂದಿರುತ್ತಾರೆ ಎಂಬುದನ್ನು ಊಹಿಸಲು ಓದು ಬರಹ ಬೇಕಿರಲಿಲ್ಲ.

"ಸಮಯ ಆಯ್ತು, ಸರ್. ಮಾಜಾಳಿಯಲ್ಲಿ ಕಾಯ್ತಿದ್ದಾರೆ," ಎಂದ ಪುಂಡಲೀಕ.

"ಇನ್ನೊಂದು ಇದೆಯಲ್ಲ, ಹತ್ತನೆಯದು. ಯಾರಮ್ಮ?"

ಮಾದೇವಿ ಎದ್ದಳು. ಪಾಲಿಗೆ ಬಂದು ಬಾಯಿಪಾಠ ಮಾಡಿದ ತಲಾ ಆದಾಯದ ಪ್ರಶ್ನೆಯನ್ನು ನುಂಗಿಕೊಂಡು ಮೊಬೈಲಿನ ಕಡೆ ತಿರುಗಿದಳು.

"ಸಾಹೇಬ್ರೆ, ಈ ಶಾಲೀಗೆ ಬೀಗ ಹಾಕಿ ಐದು ತಿಂಗ್ಳಾಯ್ತು. ನನ್ನ ಮೊಮ್ಮಗಳು ಮೀನಿನ ಮುಂದೆ ಕೂತದೆ. ಬಾಗ್ಲು ಯಾವತ್ತು ತೆಗೀತ್ರಿ?"

ನಗು ನಿಂತಿತು. ಶಾಸಕರು ಕೊನೆಯ ಹಾಳೆ ತಿರುವಿದರು.

"ಇವತ್ತಿನಿಂದಲೇ," ಅವರ ದನಿ ಏರಿತು. "ಇದು ನಿಮ್ಮ ತೆರಿಗೆಯ ಹಣದಿಂದ ಕಟ್ಟಿದ್ದು. ಇದಕ್ಕೆ ಯಾರ ಅಪ್ಪಣೆಯೂ ಬೇಡ, ಯಾವ ಅಧಿಕಾರಿಯೂ ತಡೆಯುವ ಹಾಗಿಲ್ಲ. ನೀವೇ ಬಾಗಿಲು ತೆಗೆಯಿರಿ, ನೀವೇ ಬಳಸಿಕೊಳ್ಳಿ. ಏನೇ ಆದರೂ ಜವಾಬ್ದಾರಿ ನನ್ನದು."

ಮೊದಲು ಚಪ್ಪಾಳೆ ತಟ್ಟಿದವಳು ಬಾಗಿಲಲ್ಲಿ ನಿಂತಿದ್ದ ಪೂರ್ಣಿಮಾ. ಆಮೇಲೆ ಸೂರಿನ ಹೆಂಚು ಅದುರಿತು. ಶಾಸಕರು ಕೈ ಮುಗಿದು ಹೊರಟರು. ಕಾರು ಹತ್ತುವಾಗ ಬುಟ್ಟಿಯ ಹತ್ತಿರ ಉಸಿರು ಹಿಡಿದುಕೊಂಡದ್ದು ನೇರ ಪ್ರಸಾರದಲ್ಲಿ ಬಂತು.

ಕಾರು ತಿರುವಿನಲ್ಲಿ ಮರೆಯಾದ ಮೇಲೆ ಪುಂಡಲೀಕ ಕಿಟಕಿಗೆ ಬಂದ. ಕಿಟಕಿ ಖಾಲಿ ಇತ್ತು.

"ಬೀಗ ಎಲ್ಲಿ?"

ಒಳಗೆ ಆರು ಮಕ್ಕಳು ಬಂದು ಕೂತಾಗಿತ್ತು, ಬಾಡಿಗೆ ಕುರ್ಚಿಗಳ ಮೇಲೆ.

"ಬಾಯಿ, ಇದು ಸರ್ಕಾರಿ ಸ್ವತ್ತು. ಪೊಲೀಸ್ರಿಗೆ ಫೋನ್ ಮಾಡ್ತೆ."

"ಮಾಡೋ ಬೋಳಿಮಗ್ನೆ. ಜವಾಬ್ದಾರಿ ನಿನ್ನ ಸಾಹೇಬ್ರದು, ಎರಡು ಸಾವಿರ ಜನ ಕೇಳಿದ್ರು." ಮಾದೇವಿ ಬುಟ್ಟಿಯ ಮೇಲಿನ ಗೋಣಿ ಸರಿಸಿದಳು. "ಬೀಗ ಬಂಗಡೆ ಬುಡಕ್ಕೆ ಅದೆ. ಬೇಕಾದ್ರೆ ಕೈ ಹಾಕಿ ತಕ."

ಪುಂಡಲೀಕ ಬುಟ್ಟಿಯನ್ನು ನೋಡಿದ. ತನ್ನ ಬಿಳಿ ಅಂಗಿಯ ತೋಳನ್ನು ನೋಡಿಕೊಂಡ. ಕರವಸ್ತ್ರ ಮತ್ತೆ ಮೂಗಿಗೇರಿತು.

"ಬಾಗ್ಲು ತೆಗ್ದ್ರೆ ಆಯ್ತಾ? ಮಾಸ್ತರ್ರು ಎಲ್ಲವ್ರೆ? ಕಲಿಸೂದು ಯಾರು?"

ಮಾದೇವಿ ಬಗ್ಗಿ ಬುಟ್ಟಿ ಎತ್ತಿ ತಲೆಯ ಮೇಲಿಟ್ಟುಕೊಂಡಳು. ಐಸಿನ ನೀರು ಕಿವಿಯ ಹಿಂದೆ ಇಳಿಯಿತು. ಪೇಟೆಗೆ ಆಗಲೇ ತಡವಾಗಿತ್ತು.

"ಅದು ಹನ್ನೊಂದನೇ ಪ್ರಶ್ನೆ," ಎಂದಳು. "ಬರ್ಕ."