ಎಲ್ಲರೂ ಬಲಕ್ಕೆ ನೋಡುವ ಗೋಡೆ

ಮಕ್ಕಳ ವಾರ್ಡಿನ ಗೋಡೆಗೆಂದು ನಾನು ಬರೆದುಕೊಟ್ಟಿದ್ದ ಕರಡು ಚಿತ್ರವನ್ನು ಆಸ್ಪತ್ರೆಯ ಮ್ಯಾನೇಜರ್ ಸುಂದರೇಶ ಹಿಂದಕ್ಕೆ ಕೊಟ್ಟರು. ಗಾಳಿಪಟದ ಹುಡುಗಿ, ಹಸು, ನವಿಲು, ಹೂ ಮಾರುವವಳು, ಎಲ್ಲರೂ ಬಲಕ್ಕೆ, ಚಿತ್ರದಿಂದಾಚೆ ನೋಡುತ್ತಿದ್ದರು.

"ಅಲ್ಲೇನೈತೆ ಮೇಡಂ? ಮಕ್ಕಳು ಕೇಳಿದ್ರೆ ಏನ್ ಹೇಳೋದು?"

ಸೋಮವಾರದೊಳಗೆ ಸರಿಮಾಡದಿದ್ದರೆ ಫ್ಲೆಕ್ಸ್ ಅಂಟಿಸುತ್ತಾರಂತೆ. ನನಗೆ ಸಿಕ್ಕ ಮೊದಲ ಗೋಡೆ ಇದು.

ದೊಡ್ಡ ಗೋಡೆಚಿತ್ರಗಳನ್ನು ನೋಡಿ ಕಲಿಯೋಣವೆಂದು ಶನಿವಾರ ಮಗಳು ಸಿಂಚನಳನ್ನು ಕರೆದುಕೊಂಡು ಅರಮನೆಗೆ ಹೋದೆ. ಕಲ್ಯಾಣ ಮಂಟಪದ ಗೋಡೆಗಳಲ್ಲಿ ದಸರಾ ಮೆರವಣಿಗೆ ಚಿತ್ರದಿಂದ ಚಿತ್ರಕ್ಕೆ ಸಾಗುತ್ತದೆ. ನೋಡುವವರ ಕಣ್ಣೂ ಜೊತೆಗೇ ನಡೆಯುತ್ತದೆ. ಯಾವುದು ಎತ್ತ ಸಾಗಿದೆ ಎಂದು ಬರೀ ಗೆರೆಗಳಲ್ಲಿ ಗುರುತು ಹಾಕಿಕೊಂಡೆ. ಮನೆಗೆ ಬಂದು, ಅವರೆಕಾಯಿ ಸುಲಿಯುತ್ತಲೇ, ನನ್ನ ಹಳೆಯ ಚಿತ್ರಗಳಿಗೂ ಹಾಗೇ ಗೆರೆ ಹಾಕಿ ನೋಡಿದೆ. ಪ್ರತಿಯೊಂದು ಗೆರೆಯೂ ಬಲಕ್ಕೇ ಓಡಿತ್ತು.

ಸಿಂಚನ ಇಣುಕಿ ನೋಡಿದಳು. "ಎಲ್ಲಾ ನಿನ್ ಥರಾನೇ ಕಣಮ್ಮ. ಕುಕ್ಕರ್ ಎಷ್ಟ್ ಸಲ ಕೂಗ್ತು ಅಂತ ನೋಡ್ತವ್ರೆ."

ನಗಲು ಹೋದವಳು ತಲೆ ತಿರುಗಿಸಿ ನೋಡಿದೆ. ನಾನು ಕೂತು ಬರೆಯುವ ಜಾಗದ ಬಲಕ್ಕೇ ಅಡುಗೆಮನೆ. ನನ್ನ ಕಲೆಯೆಂದರೆ ಇಷ್ಟೇ ಏನು, ಒಲೆಯ ಮೇಲಿನ ಗಮನ? ಗಾಳಿಪಟದ ಹುಡುಗಿಯ ಮುಖ ಅಳಿಸಿ ಈಚೆಗೆ ತಿರುಗಿಸಿದೆ. ಫೋಟೋಗೆ ಗದರಿಸಿ ನಿಲ್ಲಿಸಿದ ಮಗುವಿನಂತಾದಳು. ಮತ್ತೆ ಅಳಿಸಿ ಮೊದಲಿನಂತೆಯೇ ಮಾಡಿದೆ.

ಸೋಮವಾರ ಬೆಳಿಗ್ಗೆ ಅದೇ ಹಾಳೆ ಹಿಡಿದು ವಾರ್ಡಿಗೆ ಹೋದೆ. ಅಳತೆಯನ್ನು ಆಸ್ಪತ್ರೆಯವರು ಫೋನಿನಲ್ಲೇ ಕೊಟ್ಟಿದ್ದರಿಂದ ಗೋಡೆಯನ್ನು ಕಣ್ಣಾರೆ ನೋಡಿದ್ದು ಅಂದೇ. ಕೈಗೆ ಡ್ರಿಪ್ ಹಾಕಿಸಿಕೊಂಡಿದ್ದ ಪುಟ್ಟ ಹುಡುಗಿಯೊಬ್ಬಳು ಟೀವಿಯಲ್ಲಿ ಕಾರ್ಟೂನ್ ಓಡುತ್ತಿದ್ದರೂ ಅತ್ತ ನೋಡದೆ ಗೋಡೆಯ ಬಲತುದಿಯನ್ನೇ ನೋಡುತ್ತಿದ್ದಳು. ಅಲ್ಲಿ ಬಾಗಿಲಿತ್ತು. ಅವಳ ತಾಯಿ ತಿಂಡಿ ತರಲು ಹೋಗಿದ್ದಾಳೆಂದು ನರ್ಸ್ ಹೇಳಿದರು.

ಸುಂದರೇಶ ಬಂದಾಗ ಹಾಳೆಯನ್ನು ಗೋಡೆಗೆ ಒತ್ತಿ ಹಿಡಿದೆ. ಏನೂ ಬದಲಾಯಿಸಿಲ್ಲವಲ್ಲ ಎಂದರು.

"ಅವರೆಲ್ಲ ಅಮ್ಮಂದಿರು ಬರೋದನ್ನ ಕಾಯ್ತಿದಾರೆ ಸಾರ್."

ಅವರು ಹಾಳೆ ನೋಡಿದರು, ಬಾಗಿಲು ನೋಡಿದರು, ಆಮೇಲೆ ಆ ಮಗುವನ್ನು.

"ಪೇಂಟ್ ವಾಸ್ನೆ ಬರ್ಬಾರ್ದು, ನೋಡ್ಕೊಳ್ಳಿ" ಎಂದು ಹೊರಟರು.

ಬಾಗಿಲ ಪಕ್ಕದಿಂದಲೇ ಮೊದಲ ಗೆರೆ ಎಳೆದೆ.